ಬೇಟೆಯ ಬ್ಯಾಗು ಸಹ್ಯಾದ್ರಿಗೆ ಬಂದಾಗ: ಮೊದಲ ಜಾಗ ನೀರಿಗೆ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ವಿಜಯಪುರದವರು, ಈಗ ಪುಣೆಯ ಪಿಂಪ್ರಿಯಲ್ಲಿ ಇದ್ದೇವೆ. ಡಿಸೆಂಬರ್‌ನಲ್ಲಿ ನಾನು, ನನ್ನ ಹೆಂಡತಿ, ಇಬ್ಬರು ಗೆಳೆಯರು ಸೇರಿ ರಾಜಗಡ–ತೋರಣಾ ಕೋಟೆಗಳ ಚಾರಣಕ್ಕೆ ಹೊರಟಿದ್ದೇವೆ. ಎರಡು ರಾತ್ರಿ, ಮೂರು ಹಗಲು. ನಮ್ಮ ಭಾವ ಅಮೆರಿಕದ ಕೊಲರಾಡೊದಲ್ಲಿದ್ದಾರೆ, ಅಲ್ಲಿ ಎಲ್ಕ್ ಬೇಟೆಗೆ ಹೋಗುತ್ತಾರೆ. ಈ ಸಲ ಬಂದಾಗ ತಮ್ಮ ಹಳೆಯ ಬೇಟೆ ಬ್ಯಾಗನ್ನು ನನಗೆ ಕೊಟ್ಟು ಹೋದರು. ಗಟ್ಟಿ ಫ್ರೇಮು, ಎಲ್ಲೆಲ್ಲೂ ಪಟ್ಟಿಗಳು, ಎಲ್ಲೆಲ್ಲೂ ಜೇಬುಗಳು. ತುಂಬಿ ಹಾಕಿಕೊಂಡರೆ ಹಿಂದಕ್ಕೆ ಎಳೆಯುತ್ತದೆ, ಭುಜ ನೋಯುತ್ತದೆ, ಬೇಕಾದ ಸಾಮಾನು ಬೇಕಾದಾಗ ಸಿಗುವುದಿಲ್ಲ. ಇದು ನಮ್ಮ ಬೆಟ್ಟಗಳಿಗೆ ಆಗುತ್ತದೆಯೇ? ಹೇಗೆ ತುಂಬಬೇಕು? ನನ್ನ ತೂಕ 70 ಕೆಜಿ, ಹೆಂಡತಿಯದು 52. ಯಾರು ಎಷ್ಟು ಹೊರಬೇಕು?

ಉತ್ತರ: ನಮಸ್ಕಾರ. ಬ್ಯಾಗು ಖಂಡಿತ ಆಗುತ್ತದೆ. ಆದರೆ ಅದನ್ನು ಮಾಡಿರುವುದು ಬೇರೆ ಕೆಲಸಕ್ಕೆ. ಆ ಕೆಲಸ ಏನು ಅಂತ ಗೊತ್ತಾದರೆ ಹೇಗೆ ತುಂಬಬೇಕು ಅನ್ನುವುದೂ ಅರ್ಧ ಗೊತ್ತಾಗುತ್ತದೆ.

ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡದಾದ ಜಿಂಕೆ ಜಾತಿಯ ಪ್ರಾಣಿ. ಬಲಿತ ಗಂಡು 300 ಕೆಜಿ ದಾಟುತ್ತದೆ. ಬೇಟೆ ನಡೆಯುವುದು ರಸ್ತೆಯಿಂದ ದೂರದ ಬೆಟ್ಟಗಳಲ್ಲಿ. ತಿನ್ನುವಂಥ ಮಾಂಸವನ್ನು ಕಾಡಲ್ಲೇ ಬಿಟ್ಟು ಬಂದರೆ ಕೊಲರಾಡೊದಲ್ಲಿ ಅಪರಾಧ. ಹಾಗಾಗಿ ಮಾಂಸವನ್ನು ಬಿಡಿಸಿ, ಗಾಳಿಯಾಡುವ ಬಟ್ಟೆ ಚೀಲಗಳಿಗೆ ಹಾಕಿ, ಬೆನ್ನ ಮೇಲೆ ಹೊತ್ತು, ಹಲವು ಸಲ ನಡೆದು ಹೊರಗೆ ತರುತ್ತಾರೆ. ನಿಮ್ಮ ಬ್ಯಾಗಿನಲ್ಲಿ ಫ್ರೇಮು ಮತ್ತು ಚೀಲದ ನಡುವೆ ಬಿಚ್ಚಿಕೊಳ್ಳುವ ಒಂದು ಸಂದು ಇದೆ ಅಲ್ವಾ? ಕೆಳಗೆ ಚಿಕ್ಕ ಹಲಗೆಯ ಹಾಗೆ ಗಟ್ಟಿ ಬಟ್ಟೆ ಬರುತ್ತದೆ, ಪಕ್ಕದಿಂದ ಪಟ್ಟಿಗಳು ಬರುತ್ತವೆ. ಅದು ಮಾಂಸ ಇಡುವ ಜಾಗ. ಭಾರವಾದದ್ದು ಬೆನ್ನಿಗೆ ಅಂಟಿಕೊಂಡೇ ಇರಬೇಕು ಅಂತಲೇ ಅದನ್ನು ಅಲ್ಲಿ ಇಟ್ಟಿದ್ದಾರೆ.

ಅಂದರೆ ಬೇಟೆಗಾರನ ಬ್ಯಾಗು ಹೋಗುವಾಗ ಹಗುರ, ಬರುವಾಗ ಭಾರ. ನಮ್ಮದು ಪೂರ್ತಿ ಉಲ್ಟಾ. ಸಹ್ಯಾದ್ರಿಯ ಚಾರಣಿಗನ ಬ್ಯಾಗಿನಲ್ಲಿ ಎಲ್ಲಕ್ಕಿಂತ ಭಾರ ನೀರು. ಬೆಳಿಗ್ಗೆ ಅದು ಪೂರ್ತಿ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅರ್ಧ ಖಾಲಿ, ಸಂಜೆಗೆ ಮುಗಿದಿರುತ್ತದೆ. ಬಟ್ಟೆ, ಸ್ಲೀಪಿಂಗ್ ಬ್ಯಾಗ್ ಎಲ್ಲ ಮೊದಲು ತುರುಕಿ, ಕೊನೆಗೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಬಾಟಲಿ ಸಿಕ್ಕಿಸುವವರೇ ಜಾಸ್ತಿ. ನಾನು ಹೇಳುವುದು ಇಷ್ಟೇ: ಮೊದಲು ನೀರಿಗೆ ಜಾಗ ಗೊತ್ತು ಮಾಡಿ. ಉಳಿದದ್ದೆಲ್ಲ ಅದರ ಸುತ್ತ ಬರಲಿ.

ತುಂಬುವ ಮುಂಚೆ ಒಂದು ಕೆಲಸ ಇದೆ. ಇದನ್ನು ದಯವಿಟ್ಟು ಇವತ್ತೇ ಮಾಡಿ. ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿ. ಒಂದೊಂದೇ ಜೇಬಿಗೆ ಕೈ ಹಾಕಿ, ಮೂಲೆಯವರೆಗೂ ಬೆರಳು ಆಡಿಸಿ. ಸೊಂಟದ ಪಟ್ಟಿಯ ಚಿಕ್ಕ ಜೇಬು, ಮೇಲಿನ ಮುಚ್ಚಳದ ಒಳಜೇಬು, ಕೆಳಗೆ ರೇನ್ ಕವರ್ ಇಡುವ ಜೇಬು, ಯಾವುದನ್ನೂ ಬಿಡಬೇಡಿ. ಬೇಟೆಗೆ ಹೋಗಿ ಬಂದ ಬ್ಯಾಗಿನಲ್ಲಿ ಮರೆತುಹೋದ ಗುಂಡು ಇರಬಹುದು. ಪರವಾನಗಿ ಇಲ್ಲದೆ ಗುಂಡು ಇಟ್ಟುಕೊಳ್ಳುವುದು ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಅಪರಾಧ. ಮೆಟ್ರೊ ಸ್ಟೇಷನ್ನಿನಲ್ಲೋ ವಿಮಾನ ನಿಲ್ದಾಣದಲ್ಲೋ ಸ್ಕ್ಯಾನರಿಗೆ ಸಿಕ್ಕಿದರೆ "ಭಾವ ಕೊಟ್ಟ ಬ್ಯಾಗು, ನನಗೆ ಗೊತ್ತಿರಲಿಲ್ಲ" ಅನ್ನುವುದನ್ನು ಪೊಲೀಸರ ಮುಂದೆ ವಿವರಿಸುತ್ತ ಕೂರಬೇಕಾಗುತ್ತದೆ. ಏನಾದರೂ ಸಿಕ್ಕರೆ ಎಸೆಯಬೇಡಿ. ಮೊದಲು ಒಬ್ಬ ವಕೀಲರನ್ನು ಕೇಳಿ, ಅವರು ಹೇಳಿದ ಹಾಗೆ ಪೊಲೀಸ್ ಠಾಣೆಗೆ ಒಪ್ಪಿಸಿ. ಬೇಟೆ ಚಾಕು ಸಿಕ್ಕರೆ ಅದನ್ನು ಮನೆಯಲ್ಲೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮಲ್ಲಿ ಬೇಟೆಯನ್ನು ನಿಷೇಧಿಸಿದೆ. ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಹೋಗುವುದೂ ಅದೇ ಕಾಯ್ದೆಯ ಪ್ರಕಾರ ತಪ್ಪು. ಮುಂದೆ ನೀವು ಹರಿಶ್ಚಂದ್ರಗಡ, ಭೀಮಾಶಂಕರ ಅಂತ ಹೋಗುವವರೇ. ಅವೆರಡೂ ಅಭಯಾರಣ್ಯದೊಳಗೆ ಬರುತ್ತವೆ. ಹಣ್ಣು ಹೆಚ್ಚುವ ಚಿಕ್ಕ ಚಾಕು ನಮಗೆ ಸಾಕು.

ಆಮೇಲೆ ಬ್ಯಾಗನ್ನು ತಣ್ಣೀರಲ್ಲಿ, ಸ್ವಲ್ಪ ಸೌಮ್ಯ ಸೋಪು ಹಾಕಿ ಉಜ್ಜಿ ತೊಳೆಯಿರಿ. ರಕ್ತದ ಕಲೆ ಬಿಸಿನೀರಿಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಒಣಗಿಸುವುದು ನೆರಳಲ್ಲಿ.

ಬಣ್ಣದ ಬಗ್ಗೆ ನೀವು ಬರೆದಿಲ್ಲ. ಬೇಟೆ ಬ್ಯಾಗು ಅಂದರೆ ಸಾಮಾನ್ಯವಾಗಿ ಎಲೆ, ಒಣಹುಲ್ಲಿನ ಚಿತ್ತಾರ ಇರುತ್ತದೆ. ಡಿಸೆಂಬರ್‌ನಲ್ಲಿ ಸಹ್ಯಾದ್ರಿಯ ಹುಲ್ಲು ಒಣಗಿ ಕಂದಾಗಿರುತ್ತದೆ. ಆ ಹುಲ್ಲಿನಲ್ಲಿ ನೀವೇ ಇಳಿಸಿಟ್ಟ ಬ್ಯಾಗು ನಿಮಗೇ ಕಾಣುವುದಿಲ್ಲ. ಯಾರಾದರೂ ಜಾರಿ ಬಿದ್ದರೆ ಹುಡುಕುವವರಿಗೂ ಕಾಣುವುದಿಲ್ಲ. ಕೊಲರಾಡೊದಲ್ಲೂ ಬಂದೂಕಿನಿಂದ ಎಲ್ಕ್ ಬೇಟೆಯಾಡುವವರು ಹೊಳೆಯುವ ಕಿತ್ತಳೆ ಇಲ್ಲವೇ ಗುಲಾಬಿ ಬಣ್ಣದ ಬಟ್ಟೆ ಹಾಕಲೇಬೇಕು ಅಂತ ಕಾನೂನಿದೆ. ಒಬ್ಬರಿಗೊಬ್ಬರು ಕಾಣಲಿ ಅಂತ. ನೀವೂ ಒಂದು ಕಿತ್ತಳೆ ಅಥವಾ ಹಳದಿ ರೇನ್ ಕವರ್ ಕೊಂಡು, ಮಳೆ ಇಲ್ಲದಿದ್ದರೂ ಅದನ್ನು ಬ್ಯಾಗಿನ ಮೇಲೆ ಹಾಕಿಬಿಡಿ. ಕಾವಲುಗಾರರು ಮಿಲಿಟರಿ ಬ್ಯಾಗೇನೋ ಅಂದುಕೊಂಡು ವಿಚಾರಿಸುವುದೂ ತಪ್ಪುತ್ತದೆ.

ಈಗ ಭುಜದ ನೋವು. ಬ್ಯಾಗಿನ ಎತ್ತರ ನಿಮ್ಮ ಬೆನ್ನಿಗೆ ಹೊಂದದೇ ಇದ್ದರೆ ಎಷ್ಟು ಚೆನ್ನಾಗಿ ತುಂಬಿದರೂ ನೋವು ಹೋಗುವುದಿಲ್ಲ. ಆ ಫ್ರೇಮು ಭಾವನ ಬೆನ್ನಿನ ಅಳತೆಗೆ ಇದೆ, ನಿಮ್ಮದಕ್ಕಲ್ಲ. ತಲೆ ಬಗ್ಗಿಸಿ. ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬುತ್ತದೆ. ಅಲ್ಲಿಂದ ಕೆಳಗೆ, ಸೊಂಟದ ಎರಡೂ ಕಡೆ ಕೈ ಇಟ್ಟಾಗ ಹೆಬ್ಬೆರಳು ಸೇರುವ ಗೆರೆಯವರೆಗೆ, ಹೆಂಡತಿಯ ಕೈಲಿ ಟೇಪ್ ಹಿಡಿಸಿ ಅಳೆಸಿ. ಅದು ನಿಮ್ಮ ಬೆನ್ನಿನ ಅಳತೆ. ನಿಮ್ಮ ಪೂರ್ತಿ ಎತ್ತರಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಎತ್ತರದವರಿಗೂ ಗಿಡ್ಡ ಬೆನ್ನು ಇರುತ್ತದೆ. ಬೇಟೆ ಬ್ಯಾಗುಗಳಲ್ಲಿ ಭುಜದ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುವ ವ್ಯವಸ್ಥೆ ಹೆಚ್ಚಾಗಿ ಇರುತ್ತದೆ. ಈ ಅಳತೆಗೆ ಅದನ್ನು ಹೊಂದಿಸಿ.

ಹಾಕಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ಎಲ್ಲ ಪಟ್ಟಿ ಸಡಿಲ ಬಿಟ್ಟು ಬ್ಯಾಗು ಏರಿಸಿ. ಮೊದಲು ಸೊಂಟದ ಪಟ್ಟಿ. ಅದು ಹೊಟ್ಟೆಯ ಮೇಲೆ ಅಲ್ಲ, ಸೊಂಟದ ಮೂಳೆಯ ತುದಿಯ ಮೇಲೆ ಕೂರಬೇಕು. ಬಿಗಿ ಮಾಡಿ. ಆಮೇಲೆ ಭುಜದ ಪಟ್ಟಿ ಎಳೆಯಿರಿ, ಭುಜಕ್ಕೆ ತಾಗುವಷ್ಟು, ಅದಕ್ಕಿಂತ ಜಾಸ್ತಿ ಬೇಡ. ನಂತರ ಭುಜದ ಮೇಲಿಂದ ಬ್ಯಾಗಿನ ತಲೆಗೆ ಹೋಗುವ ಚಿಕ್ಕ ಪಟ್ಟಿ. ಹಿಂದಕ್ಕೆ ಎಳೆಯುತ್ತದೆ ಅಂದಿರಲ್ಲ, ಅದನ್ನು ತಡೆಯುವುದು ಇದೇ. ಬಹಳ ಜನ ಇದನ್ನು ಮುಟ್ಟುವುದೇ ಇಲ್ಲ. ಬ್ಯಾಗಿನ ಮೇಲ್ಭಾಗ ಬೆನ್ನಿನ ಕಡೆ ಬರುವವರೆಗೆ ಎಳೆಯಿರಿ. ಕೊನೆಗೆ ಎದೆಯ ಪಟ್ಟಿ, ಉಸಿರಾಟಕ್ಕೆ ಅಡ್ಡಿಯಾಗದ ಹಾಗೆ. ಸರಿಯಾಗಿ ಕೂತಿದ್ದರೆ ಭುಜದ ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತವೆ, ಭಾರ ಹೆಚ್ಚಾಗಿ ಸೊಂಟದ ಮೇಲೆ ಇರುತ್ತದೆ.

ಇನ್ನು ತೂಕ. ಎರಡು ಮೂರು ದಿನದ ಚಾರಣಕ್ಕೆ ದೇಹದ ತೂಕದ ಶೇ 20ಕ್ಕಿಂತ ಹೆಚ್ಚು ಹೊರಬಾರದು ಅನ್ನುವುದು ಚಾರಣಿಗರು ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ. ನಿಮಗೆ 14 ಕೆಜಿ, ನಿಮ್ಮ ಮನೆಯವರಿಗೆ ಸುಮಾರು 10. ಅದು ಮೇಲಿನ ಮಿತಿ. ಅಲ್ಲಿಯವರೆಗೆ ತುಂಬಲೇಬೇಕು ಅಂತ ಅರ್ಥ ಅಲ್ಲ. ನಿಮ್ಮ ಬ್ಯಾಗನ್ನು ಲೆಕ್ಕ ಹಾಕೋಣ. ಫ್ರೇಮಿನ ಬೇಟೆ ಬ್ಯಾಗು ಖಾಲಿ ಇದ್ದಾಗಲೇ ಎರಡೂವರೆಯಿಂದ 3 ಕೆಜಿ ತೂಗುತ್ತದೆ. ಸ್ಲೀಪಿಂಗ್ ಬ್ಯಾಗ್ 1.2, ಮ್ಯಾಟ್ ಅರ್ಧ ಕೆಜಿಯೊಳಗೆ, ಬಟ್ಟೆ ಮತ್ತು ಜಾಕೆಟ್ 1.3, ತಿಂಡಿ ಒಂದೂವರೆ, ಚಿಲ್ಲರೆ ಸಾಮಾನು 1. ಅದರ ಮೇಲೆ 4 ಲೀಟರ್ ನೀರು ಅಂದರೆ 4 ಕೆಜಿ. ಎಲ್ಲ ಸೇರಿ ಹನ್ನೆರಡರ ಆಸುಪಾಸು. ನೋಡಿ, ಮೂರನೇ ಒಂದು ಭಾಗ ಬರೀ ನೀರು.

ನಾಲ್ಕು ಲೀಟರ್ ಯಾಕೆ? ರಾಜಗಡದ ಸಂಜೀವನಿ ಮಾಚಿಯಿಂದ (ಮಾಚಿ ಅಂದರೆ ಕೋಟೆಯಿಂದ ಹೊರಕ್ಕೆ ಚಾಚಿದ ಗುಡ್ಡದ ಭಾಗ) ಆಳು ದರ್ವಾಜಾ ದಾಟಿ ಇಳಿದ ಮೇಲೆ ತೋರಣಾದ ಬುಧಲಾ ಮಾಚಿಯವರೆಗೆ ನಡೆಯುವುದೆಲ್ಲ ಗುಡ್ಡದ ಬೆನ್ನಿನ ಮೇಲೆ. ಬಹಳ ಕಡೆ ನೆರಳಿಲ್ಲ. ಮಳೆಗಾಲ ಮುಗಿದು ತಿಂಗಳುಗಳಾದ ಮೇಲೆ ದಾರಿಯಲ್ಲಿ ನೀರು ನಂಬುವ ಹಾಗಿಲ್ಲ. ಆರು ಏಳು ಗಂಟೆ ನಡಿಗೆ, ಗಂಟೆಗೆ ಅರ್ಧ ಲೀಟರ್ ಹಿಡಿದರೂ ಮೂರು ದಾಟುತ್ತದೆ. ಉಳಿದದ್ದು ಆಪತ್ತಿಗೆ. ಡಿಸೆಂಬರ್ ಚಳಿ ಅಂತ ಮೋಸ ಹೋಗಬೇಡಿ. ಪುಣೆಯ ಚಳಿ ಬೆಳಗಿನ ಜಾವದ್ದು. ಹನ್ನೊಂದು ಗಂಟೆಗೆ ಆ ಬಂಡೆಗಳ ಮೇಲೆ ಬಿಸಿಲು ಚುರುಗುಟ್ಟುತ್ತದೆ.

ಈಗ ನೀರಿನ ಜಾಗ. ಸಮತಟ್ಟು ದಾರಿಯಲ್ಲಿ ನಡೆಯುವವರಿಗೆ ಭಾರವನ್ನು ಎತ್ತರಕ್ಕೆ, ಹೆಗಲೆಲುಬುಗಳ ನಡುವೆ ಇಡಿ ಅಂತ ಹೇಳುತ್ತಾರೆ. ನಮ್ಮ ಕೋಟೆಗಳ ದಾರಿ ಹಾಗಲ್ಲ. ಬಂಡೆ ಹತ್ತಬೇಕು, ಕೈ ಊರಬೇಕು, ಪಕ್ಕಕ್ಕೆ ವಾಲಬೇಕು. ಭಾರ ಎತ್ತರದಲ್ಲಿದ್ದರೆ ವಾಲಿದಾಗ ಆ ಕಡೆಗೇ ಎಳೆದುಬಿಡುತ್ತದೆ. ಆದ್ದರಿಂದ ಇಲ್ಲಿ ಭಾರ ಬೆನ್ನಿನ ನಡುಭಾಗದಲ್ಲಿ ಇರಲಿ, ಬೆನ್ನಿಗೆ ಒತ್ತಿಕೊಂಡು. ಎರಡು ಲೀಟರ್ ಹಿಡಿಯುವ ನೀರಿನ ಬ್ಲ್ಯಾಡರ್, ಅಂದರೆ ಕೊಳವೆಯಿಂದ ಹೀರಿ ಕುಡಿಯುವ ಮೆತ್ತನೆಯ ಚೀಲ, ಇದ್ದರೆ ಅದರ ಜಾಗ ಅದೇ. ಗಾಳಿ ಪೂರ್ತಿ ಹಿಂಡಿ ತೆಗೆದು ಮುಚ್ಚಿ, ಇಲ್ಲದಿದ್ದರೆ ಒಳಗೆ ನೀರು ಓಲಾಡುತ್ತ ಪ್ರತಿ ಹೆಜ್ಜೆಗೂ ಬ್ಯಾಗನ್ನು ಅಲ್ಲಾಡಿಸುತ್ತದೆ. ಇನ್ನೆರಡು ಲೀಟರ್ ಬಾಟಲಿಯಲ್ಲಿ, ಒಂದು ಎಡಕ್ಕೆ, ಒಂದು ಬಲಕ್ಕೆ. ಒಂದೇ ಬಾಟಲಿಯಿಂದ ಕುಡಿಯುತ್ತ ಹೋಗಬೇಡಿ. ಅದು ಖಾಲಿಯಾದಂತೆ ಬ್ಯಾಗು ಇನ್ನೊಂದು ಕಡೆಗೆ ವಾಲುತ್ತದೆ, ಸಂಜೆಗೆ ಒಂದೇ ಕಡೆಯ ಸೊಂಟ ನೋಯುತ್ತದೆ. ಬ್ಲ್ಯಾಡರ್ ಇಲ್ಲದಿದ್ದರೆ ಕೊಳ್ಳಬೇಕಾಗಿಯೂ ಇಲ್ಲ. ಬಿಸ್ಲೇರಿ ಥರದ ಎರಡು ಲೀಟರ್ ಬಾಟಲಿಯನ್ನು ಟವಲ್‌ನಲ್ಲಿ ಸುತ್ತಿ, ಬ್ಯಾಗಿನ ಒಳಗೆ ಬೆನ್ನಿನ ಗೋಡೆಗೆ ನೆಟ್ಟಗೆ ನಿಲ್ಲಿಸಿ.

ಹಾಗಾದರೆ ಮಾಂಸ ಇಡುವ ಆ ಸಂದಿನಲ್ಲೇ ನೀರು ಇಡಬಹುದಲ್ವಾ ಅಂತ ನಿಮಗೆ ಅನ್ನಿಸಬಹುದು. ಇಡಬಹುದು. ಸಂಜೆ ಹಳ್ಳಿಯಿಂದಲೋ ಬಾವಿಯಿಂದಲೋ ಐದು ಲೀಟರ್ ಕ್ಯಾನು ತರುವುದಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಹಗಲು ನಡೆಯುವಾಗ ಆ ಸಂದನ್ನು ಪೂರ್ತಿ ಮುಚ್ಚಿ, ಪಟ್ಟಿ ಎಳೆದು, ಚೀಲ ಫ್ರೇಮಿಗೆ ಅಂಟಿಕೊಳ್ಳುವ ಹಾಗೆ ಮಾಡಿ. ಕೆಲವರು ಅಲ್ಲಿ ಮ್ಯಾಟನ್ನೋ ಜಾಕೆಟನ್ನೋ ಸೇರಿಸುತ್ತಾರೆ. ಅದರಿಂದ ಭಾರವೆಲ್ಲ ಅಷ್ಟು ದಪ್ಪ ಹಿಂದಕ್ಕೆ ಹೋಗುತ್ತದೆ. ಹಿಂದಕ್ಕೆ ಎಳೆಯಲು ಅದೂ ಒಂದು ಕಾರಣ. ಇನ್ನೊಂದು ಕಾರಣ ಹೊರಗಿನ ಆ ದೊಡ್ಡ ಜೇಬು. ಜೇಬು ಇದೆ ಅಂತ ಅದರಲ್ಲಿ ತಿಂಡಿ ಡಬ್ಬಿ, ಪವರ್ ಬ್ಯಾಂಕು, ಬಾಟಲಿ ಎಲ್ಲ ತುಂಬಿರುತ್ತೀರಿ. ಬೆನ್ನಿಂದ ದೂರ ಇರುವ ಅರ್ಧ ಕೆಜಿ, ಬೆನ್ನಿಗೆ ಅಂಟಿದ ಒಂದು ಕೆಜಿಗಿಂತ ಜಾಸ್ತಿ ಕಾಡುತ್ತದೆ. ಹೊರಜೇಬಿಗೆ ಒದ್ದೆ ಟವಲ್, ತೆಳು ಜಾಕೆಟ್, ಕಸದ ಚೀಲ, ಅಷ್ಟೇ.

ನೀರು ಕೂತ ಮೇಲೆ ಉಳಿದದ್ದು ಸುಲಭ. ಯಾವ ಸಾಮಾನಿಗೆ ಯಾವಾಗ ಕೈ ಹಾಕುತ್ತೀರಿ ಅನ್ನುವುದನ್ನು ಯೋಚಿಸಿ. ರಾತ್ರಿ ಮಾತ್ರ ಬೇಕಾದದ್ದು ತಳಕ್ಕೆ: ಸ್ಲೀಪಿಂಗ್ ಬ್ಯಾಗ್, ಮಲಗುವ ಬಟ್ಟೆ, ಉಣ್ಣೆ ಟೋಪಿ. ಅದರ ಮೇಲೆ ಬೆನ್ನಿನ ಕಡೆ ನೀರು ಮತ್ತು ಭಾರದ ತಿಂಡಿ. ಹೊರಗಿನ ಕಡೆ ಬಟ್ಟೆ. ಬಟ್ಟೆಯನ್ನು ಇಸ್ತ್ರಿ ಮಾಡಿದ ಹಾಗೆ ಮಡಚಿ ಇಡಬೇಡಿ. ಸಂದುಗೊಂದುಗಳಿಗೆ ತುಂಬಿ, ನೀರು ಅಲ್ಲಾಡದಂತೆ ಹಿಡಿದುಕೊಳ್ಳಲಿ. ಮೇಲ್ಗಡೆ ಮಧ್ಯಾಹ್ನದ ಊಟ, ಔಷಧಿ ಚೀಲ. ಮುಚ್ಚಳದ ಜೇಬಲ್ಲಿ ಹೆಡ್‌ಲ್ಯಾಂಪ್. ಹಗಲು ವಾಪಸ್ ಬರುತ್ತೇವೆ ಅಂದುಕೊಂಡರೂ ಹೆಡ್‌ಲ್ಯಾಂಪ್ ತಳಕ್ಕೆ ಹೋಗಬಾರದು. ಕತ್ತಲಾದ ಮೇಲೆ ಕತ್ತಲಲ್ಲೇ ಅದನ್ನು ಹುಡುಕಬೇಕಾಗುತ್ತದೆ. ಸೊಂಟದ ಜೇಬಲ್ಲಿ ಚಿಕ್ಕಿ, ಸೀಟಿ, ಫೋನು.

ಬೇಟೆಗಾರರಿಂದ ಕಲಿಯುವಂಥ ಇನ್ನೊಂದು ಒಳ್ಳೆಯ ಅಭ್ಯಾಸ ಇದೆ. ಪ್ರಾಣಿ ಸಿಕ್ಕಾಗ ಬೇಕಾಗುವ ಚಾಕು, ಕೈಗವಸು, ಹಗ್ಗ, ಬಟ್ಟೆ ಚೀಲ ಎಲ್ಲವನ್ನೂ ಅವರು ಒಂದೇ ಪುಟ್ಟ ಚೀಲದಲ್ಲಿ ಇಟ್ಟಿರುತ್ತಾರೆ. ಆ ಒಂದು ಚೀಲ ತೆಗೆದರೆ ಆ ಕೆಲಸಕ್ಕೆ ಬೇಕಾದದ್ದೆಲ್ಲ ಕೈಲಿರುತ್ತದೆ, ಬ್ಯಾಗು ಕೆದಕಬೇಕಿಲ್ಲ. ನಾವೂ ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಚೀಲ ಮಾಡಿಕೊಳ್ಳಬಹುದು. ಗಾಯ ಮತ್ತು ಔಷಧಿಗೆ ಒಂದು. ಹಲ್ಲುಜ್ಜುವುದು, ಸೋಪು, ಶೌಚಕ್ಕೆ ಒಂದು. ಚಾರ್ಜರ್, ಬ್ಯಾಟರಿಗೆ ಒಂದು. ಅಡುಗೆಗೆ ಒಂದು. ದುಡ್ಡು ಕೊಟ್ಟು ಕೊಳ್ಳಬೇಡಿ. ಮನೆಯಲ್ಲಿ ಉಳಿದ ಬ್ಲೌಸ್ ಪೀಸ್ ಇರುತ್ತದೆ, ಗುಳೇದಗುಡ್ಡದ ಖಣದ ತುಂಡಾದರೆ ಇನ್ನೂ ಒಳ್ಳೆಯದು. ಒಂದೊಂದು ಬಣ್ಣಕ್ಕೆ ಒಂದೊಂದು ಕೆಲಸ. ಕೆಂಪು ಅಂದರೆ ಔಷಧಿ ಅಂತ ನಾಲ್ಕೂ ಜನಕ್ಕೆ ಗೊತ್ತಿರಲಿ. ನಿಮಗೇ ಏನಾದರೂ ಆಗಿ ಬೇರೆಯವರು ನಿಮ್ಮ ಬ್ಯಾಗಿಗೆ ಕೈ ಹಾಕಬೇಕಾಗಿ ಬಂದರೆ ಅವರಿಗೂ ತಕ್ಷಣ ಸಿಗಬೇಕು.

ಆ ಕೆಂಪು ಚೀಲದಲ್ಲಿ ಓಆರ್‌ಎಸ್ ಪೊಟ್ಟಣ ಇರಲೇಬೇಕು. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು, ಅರ್ಧ ಲೋಟಕ್ಕೆ ಸುರಿದು ಕುಡಿಯಬಾರದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಳಿದಂತೆ ಬ್ಯಾಂಡೇಜು, ಗುಳ್ಳೆಗೆ ಅಂಟಿಸುವ ಟೇಪು, ನಿಮ್ಮ ನಿಮ್ಮ ದಿನದ ಮಾತ್ರೆಗಳು, ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ. ಕೋಟೆಯ ಕಲ್ಲಿನ ತೊಟ್ಟಿಗಳ ನೀರು ಎಷ್ಟೇ ತಿಳಿಯಾಗಿ ಕಂಡರೂ ಶುದ್ಧ ಮಾಡದೆ ಕುಡಿಯಬೇಡಿ. ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ. ಸೆಂಟು ಮಾತ್ರ ಬೇಡ. ಸಹ್ಯಾದ್ರಿಯ ಬಂಡೆಗಳಲ್ಲಿ ಹೆಜ್ಜೇನು ಇರುತ್ತದೆ, ಗಾಢ ವಾಸನೆಗೂ ಹೊಗೆಗೂ ಅದು ಕೆರಳುತ್ತದೆ.

ಬ್ಯಾಗಿನ ಹೊರಗೆ ಏನೂ ನೇತಾಡಬಾರದು. ಲೋಟ, ಚಪ್ಪಲಿ, ಅಡ್ಡಕ್ಕೆ ಕಟ್ಟಿದ ಮ್ಯಾಟು, ಯಾವುದೂ. ಗುಂಜವಣೆಯಿಂದ ಚೋರ್ ದರ್ವಾಜಾ ದಾರಿಯಲ್ಲಿ ರಾಜಗಡ ಹತ್ತುವಾಗ ಕೊನೆಗೆ ಕಂಬಿ ಹಿಡಿದು ಹತ್ತುವ ಬಂಡೆ ಇದೆ, ಬಾಗಿಲೂ ಚಿಕ್ಕದು. ಅಡ್ಡಡ್ಡಲಾಗಿ ಕಟ್ಟಿದ ಮ್ಯಾಟು ಅಲ್ಲಿ ಬಂಡೆಗೆ ತಾಗಿ ನಿಮ್ಮನ್ನು ಹೊರಕ್ಕೆ ದೂಕುತ್ತದೆ. ಮ್ಯಾಟನ್ನು ನೆಟ್ಟಗೆ, ಪಕ್ಕದ ಪಟ್ಟಿಯೊಳಗೆ ಬಿಗಿಯಿರಿ. ನಿಮ್ಮ ಬ್ಯಾಗಿನ ಪಕ್ಕದಲ್ಲಿ ಬಂದೂಕು ಇಲ್ಲವೇ ಬಿಲ್ಲು ಕಟ್ಟುವ ಕೊಂಡಿ ಇದ್ದರೆ ಅದು ಇದಕ್ಕೆ ಸರಿಹೋಗುತ್ತದೆ. ನಡಿಗೆ ಕೋಲಿಗೂ ಅಷ್ಟೇ.

ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಒಂದು ಹಾಸಿ, ಅದರೊಳಗೆ ಬಟ್ಟೆ ಮತ್ತು ಸ್ಲೀಪಿಂಗ್ ಬ್ಯಾಗ್ ಇಡಿ. ಡಿಸೆಂಬರ್‌ನಲ್ಲಿ ಮಳೆ ಯಾಕೆ ಅನ್ನಬೇಡಿ. ಬಾಟಲಿ ಸೋರಿದರೂ ಅದೇ ಕಾಪಾಡುವುದು. ಮಳೆಗಾಲದಲ್ಲಂತೂ ರೇನ್ ಕವರ್ ಒಂದನ್ನೇ ನಂಬಬೇಡಿ. ಬೆನ್ನಿನ ಕಡೆ ಅದು ತೆರೆದೇ ಇರುತ್ತದೆ, ನೀರು ಅಲ್ಲಿಂದಲೇ ಇಳಿಯುತ್ತದೆ.

ತಿಂಡಿಯ ವಿಷಯದಲ್ಲಿ ನೀವು ವಿಜಯಪುರದವರು, ನಿಮಗೆ ಹೇಳಿಕೊಡಬೇಕಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಚಾರಣಕ್ಕೆ ಇದಕ್ಕಿಂತ ಒಳ್ಳೆಯ ಊಟ ನಾನು ಕಂಡಿಲ್ಲ. ನೀರಿನಂಶ ಇಲ್ಲ, ಹಳಸುವುದಿಲ್ಲ, ಬೆಂಕಿ ಬೇಡ, ತೂಕ ಕಡಿಮೆ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಗಿನ ಹೊರಗೋಡೆಗೆ ನೆಟ್ಟಗೆ ನಿಲ್ಲಿಸಿ. ಮುರಿದರೆ ಮುರಿಯಲಿ, ಚಟ್ನಿ ಜೊತೆ ಪುಡಿಮಾಡಿಕೊಂಡು ತಿಂದರಾಯಿತು. ಶೇಂಗಾ ಹೋಳಿಗೆ ಒಂದಷ್ಟು ಇರಲಿ. ಎಣ್ಣೆ, ಉಪ್ಪಿನಕಾಯಿ ಬೇಡ. ಮುಚ್ಚಳ ಸ್ವಲ್ಪ ಸಡಿಲವಾದರೂ ಇಡೀ ಬ್ಯಾಗು ಹಾಳು. ಸ್ಟೌ ತರಲೇಬೇಕೆಂದರೆ ನಾಲ್ವರಿಗೆ ಒಂದೇ ಸಾಕು. ಗ್ಯಾಸ್ ಡಬ್ಬಿ ತಿಂಡಿಯಿಂದ ದೂರ, ನೆಟ್ಟಗೆ ನಿಂತಿರಲಿ. ರೈಲಿನಲ್ಲೂ ವಿಮಾನದಲ್ಲೂ ಅದನ್ನು ಒಯ್ಯುವ ಹಾಗಿಲ್ಲ, ನೆನಪಿರಲಿ. ಒಣಹುಲ್ಲಿನ ಕಾಲದಲ್ಲಿ ಕಟ್ಟಿಗೆ ಒಟ್ಟಿ ಬೆಂಕಿ ಹಾಕುವುದು ಬೇಡವೇ ಬೇಡ.

ನನ್ನನ್ನು ಕೇಳಿದರೆ ಸ್ಟೌ ಮನೆಯಲ್ಲೇ ಬಿಡಿ. ಗುಂಜವಣೆ, ವೇಲ್ಹೆ ಕಡೆಯ ಹಳ್ಳಿಗಳಲ್ಲಿ ಮೊದಲೇ ಹೇಳಿದರೆ ಮನೆಯೂಟ ಸಿಗುತ್ತದೆ. ಬಿಸಿ ಭಾಕ್ರಿ, ಪಿಠ್ಲಾ, ಠೇಚಾ. ಮಲಗಲು ಜಾಗವನ್ನೂ ಕೊಡುತ್ತಾರೆ. ಕೋಟೆಯ ಮೇಲೆ ರಾತ್ರಿ ತಂಗಲು ನಿರ್ಬಂಧ ಇರಬಹುದು. 2025ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ರಾಜಗಡವೂ ಒಂದು. ಅಲ್ಲಿಯ ನಿಯಮವನ್ನು ಹೊರಡುವ ಮುಂಚೆ ವಿಚಾರಿಸಿ, ಅದರ ಪ್ರಕಾರವೇ ನಡೆಯಿರಿ. ಹಳ್ಳಿಯಲ್ಲಿ ಮಲಗುವುದಾದರೆ ಟೆಂಟು ಬೇಡ, ಪಾತ್ರೆ ಬೇಡ. ಎಷ್ಟು ಹಗುರ ನೋಡಿ. ಆ ದುಡ್ಡು ಅಲ್ಲಿನವರ ಮನೆಗೇ ಹೋಗುತ್ತದೆ, ಅದೂ ಒಳ್ಳೆಯದೇ.

ಯಾರು ಎಷ್ಟು ಹೊರಬೇಕು ಅಂತ ಕೇಳಿದಿರಿ. ಸಮನಾಗಿ ಹಂಚಬೇಡಿ. ಜೊತೆಗೂಡಿ ಬಳಸುವ ಸಾಮಾನು, ಅಂದರೆ ಔಷಧಿ ಚೀಲ, ಹಗ್ಗ, ಊಟದ ದೊಡ್ಡ ಗಂಟು, ತೂಕ ಜಾಸ್ತಿ ಇರುವವರ ಬ್ಯಾಗಿಗೆ ಹೋಗಲಿ. ನಿಮ್ಮ ಮನೆಯವರ ಬ್ಯಾಗು ಬೆಳಿಗ್ಗೆ ನೀರಿನ ಸಮೇತ ಎಂಟು ಕೆಜಿಯೊಳಗೆ ನಿಲ್ಲಲಿ. ಸಾಮಾನ್ಯವಾಗಿ ಹೆಂಗಸರಿಗೆ ಭಾರ ಇನ್ನೂ ಸ್ವಲ್ಪ ಕೆಳಗೆ, ಸೊಂಟಕ್ಕೆ ಹತ್ತಿರ ಇದ್ದರೆ ನಡೆಯುವುದು ಸಲೀಸು. ಹಗುರಾದ ಚಿಕ್ಕ ಬ್ಯಾಗು ತೆಗೆದುಕೊಳ್ಳಿ, ಆದರೆ ಸೊಂಟದ ಪಟ್ಟಿ ದಪ್ಪ ಇರಬೇಕು. ಒಂದು ಮಾತು ಮಾತ್ರ ಬಿಡಬೇಡಿ. "ನಿನ್ನ ನೀರೂ ನಾನೇ ಹೊರುತ್ತೇನೆ" ಅಂತ ಪ್ರೀತಿಯಿಂದ ಎಲ್ಲ ನೀರನ್ನೂ ನಿಮ್ಮ ಬ್ಯಾಗಿಗೆ ಹಾಕಿಕೊಳ್ಳಬೇಡಿ. ಗುಡ್ಡದ ಮೇಲೆ ಒಬ್ಬರು ಮುಂದೆ, ಒಬ್ಬರು ಹಿಂದೆ ಆಗುತ್ತಾರೆ. ದಾರಿ ತಪ್ಪಿದವರ ಬೆನ್ನ ಮೇಲೆ ಅವರದೇ ನೀರು, ಅವರದೇ ಟಾರ್ಚು, ಅವರದೇ ಸೀಟಿ, ಅವರದೇ ಜಾಕೆಟ್ ಇರಬೇಕು. ಎರಡನೇ ಬಾಟಲಿ ಬೇಕಾದರೆ ನೀವು ಹೊರಿ, ಮೊದಲನೆಯದು ಅವರ ಹತ್ತಿರವೇ ಇರಲಿ.

ನಡೆಯಲು ಶುರು ಮಾಡಿದ ಮೇಲೂ ಬ್ಯಾಗಿನ ಕೆಲಸ ಮುಗಿಯುವುದಿಲ್ಲ. ನೀರು ಕುಡಿದಷ್ಟೂ ಒಳಗೆ ಟೊಳ್ಳಾಗುತ್ತದೆ. ಆ ಟೊಳ್ಳಿನಲ್ಲಿ ಉಳಿದ ಸಾಮಾನು ಕುಸಿದು ಹೊರಕ್ಕೆ ಜರುಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಬ್ಯಾಗು ಮಧ್ಯಾಹ್ನ ಯಾಕೆ ಕಾಡುತ್ತದೆ ಅಂತ ಜನ ಕೇಳುತ್ತಾರೆ, ಕಾರಣ ಇದು. ನಿಮ್ಮ ಬ್ಯಾಗಿನ ಪಕ್ಕದಲ್ಲಿರುವ ಅಷ್ಟೊಂದು ಪಟ್ಟಿಗಳು ಇಲ್ಲಿ ಬೆಲೆಬಾಳುತ್ತವೆ. ಬೇಟೆಗಾರರಿಗೆ ಅವು ಮಾಂಸ ಸೇರಿದಾಗ ಹಿಗ್ಗಿಸಲು ಬೇಕು. ನಮಗೆ ನೀರು ಕಡಿಮೆಯಾದಾಗ ಕುಗ್ಗಿಸಲು. ಕುಳಿತೆದ್ದಾಗಲೆಲ್ಲ, ಬ್ಯಾಗು ಏರಿಸುವ ಮುಂಚೆ, ಎರಡೂ ಪಕ್ಕದ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಊಟಕ್ಕೆ ಕೂತಾಗ ಒಳಗೆ ಉಳಿದ ನೀರನ್ನು ಬೆನ್ನಿನ ಕಡೆಗೆ ಸರಿಸಿ, ಸಂದಿಗೆ ಬಟ್ಟೆ ತುಂಬಿ.

ಹೊರಡುವ ಹಿಂದಿನ ಭಾನುವಾರ ಪೂರ್ತಿ ತುಂಬಿದ ಬ್ಯಾಗು ಹೊತ್ತು ಇಬ್ಬರೂ ಸಿಂಹಗಡ ಹತ್ತಿ. ಆತ್ಕರ್‌ವಾಡಿಯಿಂದ ಕಾಲುದಾರಿ, ಗಾಡಿ ರಸ್ತೆ ಅಲ್ಲ. ನಾಲ್ಕು ಲೀಟರ್ ನೀರೂ ಇರಲಿ, ಕಡಿಮೆ ಮಾಡಬೇಡಿ. ಅರ್ಧ ದಾರಿಯಲ್ಲಿ ನಿಂತು ನೋಡಿ: ಭುಜ ನೋಯುತ್ತಿದ್ದರೆ ಸೊಂಟದ ಪಟ್ಟಿ ಕೆಳಗಿಳಿದಿದೆ, ಅಥವಾ ಬೆನ್ನಿನ ಅಳತೆ ಇನ್ನೂ ಸರಿಯಾಗಿಲ್ಲ. ಹಿಂದಕ್ಕೆ ಎಳೆಯುತ್ತಿದ್ದರೆ ನೀರು ಬೆನ್ನಿಂದ ದೂರ ಇದೆ. ಒಂದು ಕಡೆಗೆ ವಾಲುತ್ತಿದ್ದರೆ ಎರಡು ಪಕ್ಕದ ತೂಕ ಬೇರೆ ಬೇರೆ ಇದೆ. ಮೇಲೆ ಹೋದ ಮೇಲೆ ಒಳಗಿನ ಎರಡು ಲೀಟರನ್ನು ಯಾವುದಾದರೂ ಗಿಡದ ಬುಡಕ್ಕೆ ಹಾಕಿ. ಇಳಿಯುವಾಗ ಮಂಡಿಗೂ ಆರಾಮ. ಪಕ್ಕದ ಪಟ್ಟಿ ಎಳೆಯದೆ ನೂರು ಹೆಜ್ಜೆ ಇಳಿಯಿರಿ, ಆಮೇಲೆ ಎಳೆದು ನೂರು ಹೆಜ್ಜೆ. ವ್ಯತ್ಯಾಸ ನಿಮ್ಮ ಬೆನ್ನಿಗೇ ಗೊತ್ತಾಗುತ್ತದೆ. ಮನೆಗೆ ಬಂದ ಮೇಲೆ ಬ್ಯಾಗಿನಿಂದ ಒಮ್ಮೆಯೂ ಹೊರಗೆ ತೆಗೆಯದ ಸಾಮಾನನ್ನೆಲ್ಲ ಒಂದು ಕಡೆ ರಾಶಿ ಹಾಕಿ. ಔಷಧಿ, ಹೆಡ್‌ಲ್ಯಾಂಪ್, ಸೀಟಿ, ಜಾಕೆಟ್, ರಾತ್ರಿಯ ಹಾಸಿಗೆ ಬಟ್ಟೆ ಬಿಟ್ಟು ಆ ರಾಶಿಯಲ್ಲಿ ಉಳಿದದ್ದನ್ನು ರಾಜಗಡಕ್ಕೆ ಒಯ್ಯಬೇಡಿ.